ಮಾವ ತರಬೇಕಾಗಿದ್ದ ಸೀರೆ

ಗುಂಡ್ಲುಪೇಟೆ
೨೨-೭-೧೯೫೬, ಭಾನುವಾರ

ಪ್ರೀತಿಯ ಅಕ್ಕನಿಗೆ ಶಾಂತಳ ಶರಣು.

ನಾನು ಚೆನ್ನಾಗಿದ್ದೇನೆ. ನೀನು, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಎಂದು ಮೂರನೆಯದರಲ್ಲಿ ಬೈದಿದ್ದೀಯ. ಉಮ್ಮತ್ತೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಬೈಗುಳ ಆರಿಹೋಗಿರುತ್ತದೆ ಎಂದುಕೊಂಡಿದ್ದೆ, ಬಿಸಿಬಿಸಿಯಾಗಿಯೇ ಬಂತು. ತಪ್ಪಾಯಿತು. ಸ್ಕೂಲು ತೆರೆದಾಗಿನಿಂದ ಕೂತು ನಾಲ್ಕು ಸಾಲು ಬರೆಯಲು ಪುರುಸೊತ್ತಾಗಿಲ್ಲ. ಯಳಂದೂರಿನ ಗಂಡಿನ ವಿಷಯ ಬರೆದಿದ್ದೀಯಲ್ಲ, ಆ ಪುಟ ಮಾತ್ರ ಮಳೆಯಲ್ಲಿ ನೆನೆದು ಅಕ್ಷರ ಕಾಣಿಸಲಿಲ್ಲ. ಇನ್ನೊಂದು ಸಲ ಬರೆಯುವ ಶ್ರಮ ತೆಗೆದುಕೊಳ್ಳಬೇಡ.

ನಮ್ಮ ಹೈಸ್ಕೂಲು ಹೇಗಿದೆ ಎಂದು ಕೇಳಿದ್ದೀಯ. ಊರು ಮುಗಿದ ಮೇಲೆ ಊಟಿ ರಸ್ತೆಯಲ್ಲಿ ಎರಡು ಫರ್ಲಾಂಗು ನಡೆದರೆ ಹೆಂಚು ಹೊದಿಸಿದ ಉದ್ದ ಕಟ್ಟಡ. ಜಗಲಿಯಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಕಾಣದಿದ್ದರೆ ಮಳೆ ಬರುತ್ತದೆ ಎಂದು ಹೆಡ್ಮಾಸ್ಟರು ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೆ. ಇನ್ನೂರ ಮೂವತ್ತು ಹುಡುಗರು, ಹನ್ನೊಂದು ಹುಡುಗಿಯರು, ಎಂಟು ಜನ ಮೇಷ್ಟರು, ನಾನೊಬ್ಬಳು. ಹೀಗಾಗಿ ಹೊಲಿಗೆ, ಹಾಡು, ಸೇವಾದಳದ ಕವಾಯತು, ಚರ್ಚಾಸ್ಪರ್ಧೆ, ಡಾಕ್ಟರ ತಪಾಸಣೆ, ಸಿನಿಮಾ ತೋರಿಸುವ ಸರ್ಕಾರಿ ವ್ಯಾನು ಬಂದಾಗ ಹುಡುಗಿಯರಿಗೆ ಬೇರೆ ಚಾಪೆ ಹಾಕಿಸುವುದು, ಎಲ್ಲಾ ನನ್ನ ತಲೆಗೆ. “ಅದನ್ನೂ ನೀವೇ ನೋಡ್ಕೊಂಡ್ಬಿಡಿ ಶಾಂತಮಲ್ಲಮ್ಮನವರೇ” ಎನ್ನುವುದು ಹೆಡ್ಮಾಸ್ಟರ ಅಭ್ಯಾಸ. ಹುಡುಗಿಯರಿಗೆ ಸ್ಕೂಲಿನಲ್ಲಿ ಕಕ್ಕಸಿಲ್ಲ. ನನ್ನ ಬಾಡಿಗೆ ಮನೆ ಸ್ಕೂಲಿನ ಬೆನ್ನಿಗೇ ಇರುವುದರಿಂದ ಹನ್ನೊಂದು ಜನರೂ ಅಲ್ಲಿಗೇ ಬರುತ್ತಾರೆ. ಅದನ್ನೂ ನಾನೇ ನೋಡಿಕೊಂಡುಬಿಟ್ಟಿದ್ದೇನೆ.

ಈಗ ಒಂದು ಗುಟ್ಟು. ಭಾವನಿಗೂ ಹೇಳಬೇಡ.

ಆರನೇ ಫಾರಂನಲ್ಲಿ ಗಂಗಾಂಬಿಕೆ ಎಂಬ ಹುಡುಗಿ ಇದ್ದಾಳೆ. ಬರುವ ಮಾರ್ಚಿಯಲ್ಲಿ ಎಸ್.ಎಸ್.ಎಲ್.ಸಿ. ಬರೆಯಬೇಕು. ತಂದೆ ಪುಟ್ಟಬಸಪ್ಪನವರು ಪೇಟೆಬೀದಿಯಲ್ಲಿ ಅರಿಸಿನದ ವ್ಯಾಪಾರ ಮಾಡುತ್ತಾರೆ, ನಮ್ಮವರೇ. ತಾಯಿ ಇಲ್ಲ. ಸಾಕಿದವರು ತಾಯಿಯ ತಾಯಿ, ಅಳಿಯನ ಮನೆಯಲ್ಲೇ ಇದ್ದಾರೆ. ಆ ಅಜ್ಜಿಯ ಮಗ, ಅಂದರೆ ಹುಡುಗಿಯ ಸೋದರಮಾವ ಚಿಕ್ಕಮಲ್ಲಪ್ಪ, ಬೇಗೂರಿನಲ್ಲಿ ಅಂಗಡಿ ಇಟ್ಟಿದ್ದಾನೆ. ಹುಡುಗಿ ಅವನಿಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿದೆ. ಹೈಸ್ಕೂಲಿಗೆ ಸೇರಿಸುವಾಗ ಅಜ್ಜಿ ಅಳಿಯನಿಂದ ಮಾತು ತೆಗೆದುಕೊಂಡಿದ್ದಾರೆ: ದೊಡ್ಡವಳಾಗುವವರೆಗೆ ಓದಲಿ, ಆದ ದಿನ ಪುಸ್ತಕ ಮುಚ್ಚಲಿ.

ಹುಡುಗಿ ಎಂಥವಳು ಎನ್ನುತ್ತೀಯ! ಕವಾಯತಿನಲ್ಲಿ ಅವಳು “ಸಾವಧಾನ್” ಎಂದು ಕೂಗಿದರೆ ಗೇಟಿನಾಚೆ ಹೋಗುವ ಗಾಡಿಯ ಎತ್ತುಗಳೂ ನಿಲ್ಲುತ್ತವೆ. ಬರೆಯಲು ಕೂತರೆ ಎಂಟು ಪುಟ. ನಾನು ತಪ್ಪು ಹುಡುಕಿ ಹುಡುಕಿ ಸೋತು ಕೊನೆಗೆ ಅಕ್ಷರ ದುಂಡಗಿಲ್ಲ ಎಂದು ಒಂದು ನಂಬರು ಕಳೆಯುತ್ತೇನೆ. ಇಂಥವಳು ಹೋದ ಮಂಗಳವಾರ ಹೊಲಿಗೆ ಪಿರಿಯಡ್ಡು ಮುಗಿದರೂ ಹೋಗದೆ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದಳು. ಎಲ್ಲರೂ ಹೋದ ಮೇಲೆ ತಲೆಯೆತ್ತದೆ ಹೇಳಿದಳು:

“ಟೀಚರ್, ನಾನು ದೊಡ್ಡೋಳಾಗಿ ಮೂರ್ ತಿಂಗ್ಳಾಯ್ತು. ಮನೇಲಿ ಯೋಳಿಲ್ಲ.”

“ಅಯ್ಯೋ ಹುಡುಗಿ! ಬಟ್ಟೆಬರೆ ಎಲ್ಲಾ ಹೇಗೆ ನಿಭಾಯಿಸ್ತಿದ್ದೀಯೇ?”

“ಅಜ್ಜಿ ಏಳಕ್ ಮುಂಚೆ ಇತ್ಲಲ್ಲಿ ಒಕ್ಕತೀನಿ. ಒಣುಗ್ಸಕ್ಕೇ ಜಾಗ ಇಲ್ಲ. ಅಸಿದ್ನೇ ಉಟ್ಕತೀನಿ.” ಆಮೇಲೆ ಒಂದೇ ಉಸಿರಿಗೆ, “ಪರೀಕ್ಸೆ ಒಂದ್ ಆಗೋಗ್ಲಿ ಟೀಚರ್. ಪಾಸಾಗ್ಬುಟ್ರೆ ಮೈಸೂರ್ಗೆ ಟ್ರೈನಿಂಗ್ ಕಳ್ಸಕ್ಕೆ ಅಪ್ಪ ಒಪ್ಕತಾರೆ. ಆಮೇಕೆ ನಾನೇ ಯೋಳ್ಬುಡ್ತೀನಿ” ಎಂದಳು.

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ತಲೆದೂಗಿ ಬರುತ್ತೇವೆ, ಮನೆಗೆ ಬಂದು ಹುಡುಗಿಯ ಪುಸ್ತಕ ಮುಚ್ಚುತ್ತೇವೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಮುಂದೆ ಹಿಂದೆ ನೋಡಲಿಲ್ಲ. ನನ್ನ ಒಳಕೋಣೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಅವಳಿಗೆ ಬಿಟ್ಟುಕೊಟ್ಟೆ, ಬಚ್ಚಲಲ್ಲಿ ಹಗ್ಗ ಕಟ್ಟಿದೆ. ಇನ್ನು ಆ ಬಟ್ಟೆ ಒಗೆಯುವುದು, ಒಣಗಿಸುವುದು ಎಲ್ಲಾ ನನ್ನ ಮನೆಯಲ್ಲೇ. ಎಂಟು ತಿಂಗಳು, ಅಕ್ಕ. ಎಂಟು ತಿಂಗಳು ಮುಚ್ಚಿಟ್ಟರೆ ಹುಡುಗಿ ದಡ ಸೇರುತ್ತಾಳೆ. ನಾನು ಮಾಡಿದ್ದು ಸರಿಯೋ ತಪ್ಪೋ ನೀನು ಬರಿ. ತಪ್ಪು ಎಂದು ಬರೆದರೆ ಆ ಪುಟವೂ ಮಳೆಯಲ್ಲಿ ನೆನೆಯುತ್ತದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಭಾವನಿಗೆ ಶರಣು.

ನಿನ್ನ ತಂಗಿ
ಶಾಂತ


ಗುಂಡ್ಲುಪೇಟೆ
೩-೨-೧೯೫೭

ಅಕ್ಕನಿಗೆ ಶರಣು.

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಬಂದು ಮೂರು ವಾರವಾಯಿತು. ತಲುಪಿತು ಎಂದು ಒಂದು ಕಾರ್ಡು ಕೂಡ ಹಾಕಲಿಲ್ಲ. ಬರೆಯಲು ಕೂತಾಗಲೆಲ್ಲ ಗಣರಾಜ್ಯೋತ್ಸವದ ತಯಾರಿ ಎಂದು ಯಾರಾದರೂ ಬಂದು ಎಬ್ಬಿಸುತ್ತಿದ್ದರು. ಈಗ ಯಾರೂ ಎಬ್ಬಿಸುತ್ತಿಲ್ಲ, ನನಗೇ ಕೈ ಏಳುತ್ತಿಲ್ಲ. ಆದರೂ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ.

ಗಂಗಾಂಬಿಕೆಯನ್ನು ಸ್ಕೂಲು ಬಿಡಿಸಿದರು. ಬಿಡಿಸಿದ್ದು ಅವಳ ಅಜ್ಜಿ ಎಂದು ಊರು ಹೇಳುತ್ತದೆ. ಬಿಡಿಸಿದ್ದು ನಾನು.

ಈ ವರ್ಷ ಜನವರಿ ಇಪ್ಪತ್ತಾರರಂದೇ ಬಹುಮಾನ ಹಂಚುವುದೆಂದು ಹೆಡ್ಮಾಸ್ಟರು ಗೊತ್ತುಮಾಡಿದ್ದರು. ಬೆಳಿಗ್ಗೆ ಬಾವುಟ, ಕವಾಯತು. ಹನ್ನೊಂದು ಗಂಟೆಗೆ ಅಮಲ್ದಾರರ ಕೈಯಿಂದ ಬಹುಮಾನ. ಊರಿನ ದೊಡ್ಡವರೆಲ್ಲ ಬಂದಿದ್ದರು. ಪುಟ್ಟಬಸಪ್ಪನವರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಮಗಳಿಗೆ ಬಹುಮಾನ ಬರುತ್ತದೆ ಎಂದು ಬೇಗೂರಿನಿಂದ ಚಿಕ್ಕಮಲ್ಲಪ್ಪನನ್ನೂ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅಜ್ಜಿ ಹೆಂಗಸರ ಜಮಖಾನದ ಮೇಲಿದ್ದರು. ಹನ್ನೊಂದು ಹುಡುಗಿಯರೂ ಬಿಳಿ ಲಂಗ, ಬಿಳಿ ರವಿಕೆ. ನಮ್ಮ ಹೊಲಿಗೆ ಕ್ಲಾಸಿನಲ್ಲೇ ಹೊಲಿದದ್ದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಕವಾಯತು ನಡೆಸಿದವಳು ಗಂಗಾಂಬಿಕೆ. ಒಂದು ಹೆಜ್ಜೆ ತಪ್ಪಲಿಲ್ಲ. ಕೊನೆಗೆ ವಂದನೆ ಕೊಟ್ಟು, ಸಾಲು ಬಿಡಿಸಿ, ನೇರವಾಗಿ ನನ್ನ ಹತ್ತಿರ ಬಂದು ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಳು. “ಟೀಚರ್, ಲಂಗ” ಎಂದಳು, ಅಷ್ಟೆ. ಇನ್ನೂ ಒಂದು ವಾರವಿತ್ತು, ಮುಂಚೆಯೇ ಆಗಿಬಿಟ್ಟಿತ್ತು. ನನ್ನ ಸೆರಗು ಮರೆಮಾಡಿ ಹಿಂದಿನ ಬಾಗಿಲಿನಿಂದ ಮನೆಗೆ ಕರೆದೊಯ್ದೆ. ಒಬ್ಬರೂ ನೋಡಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಲಂಗ ಒಗೆದು ಬಿಸಿಲಿಗೆ ಹಾಕಿ, ಹುಡುಗಿಗೆ ತಲೆನೋವು, ಮಲಗಿದ್ದಾಳೆ ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಪ್ರಬಂಧದಲ್ಲಿ ಇಡೀ ಸ್ಕೂಲಿಗೇ ಮೊದಲ ಬಹುಮಾನ ಅವಳದು, ಇನ್ನೂರ ಮೂವತ್ತು ಹುಡುಗರನ್ನು ಹಿಂದೆ ಹಾಕಿ. ಹೆಸರು ಕೂಗುವಾಗ ಅವಳು ಅಲ್ಲಿಲ್ಲ ಎಂದ ಮೇಲೆ ನಾನು ಆ ಸ್ಕೂಲಿನಲ್ಲಿ ಇದ್ದೇನು ಪ್ರಯೋಜನ ಎನ್ನಿಸಿತು. ನನ್ನ ಹಸಿರು ಸೀರೆ ತೆಗೆದು ಉಡಿಸಿದೆ. ನೆರಿಗೆ ಹಿಡಿದೆ, ಸೆರಗು ಸರಿಮಾಡಿದೆ, ಹಣೆಗೆ ವಿಭೂತಿ ಇಟ್ಟೆ. ಎಷ್ಟು ಒಪ್ಪಿತು ಗೊತ್ತೇ? ನನಗಿಂತ ಎತ್ತರ ಕಂಡಳು. ನಾನೇ ಕೈಹಿಡಿದು ಸಭೆಗೆ ಕರೆದುಕೊಂಡು ಬಂದೆ.

ಹೆಸರು ಕೂಗಿದರು. ಅವಳು ವೇದಿಕೆ ಹತ್ತಿದಳು. ಹುಡುಗರು ಚಪ್ಪಾಳೆ ತಟ್ಟಿದರು, ಜಮಖಾನದ ಕಡೆಯಿಂದ ಸದ್ದಿಲ್ಲ. ಬೆಳಿಗ್ಗೆ ಲಂಗದಲ್ಲಿ ನಿಂತಿದ್ದವಳು ಎರಡು ಗಂಟೆಯೊಳಗೆ ಸೀರೆಯುಟ್ಟು ಬಂದರೆ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನನಗೆ ಹೊಳೆದದ್ದು ಚಿಕ್ಕಮಲ್ಲಪ್ಪ ಬೆಂಚಿನಿಂದ ಎದ್ದು ಹೋದಾಗ. ಹುಡುಗಿಯ ಮೊದಲ ಸೀರೆ ಸೋದರಮಾವ ತರಬೇಕು. ದೊಡ್ಡವಳಾದಾಗ ಮಾಡುವ ಒಸಗೆಯ ದಿನ ಅವನು ತಂದದ್ದನ್ನು ಉಟ್ಟೇ ಅವಳು ಹಸೆಗೆ ಕೂರಬೇಕು. ಅದು ಅವನ ಹಕ್ಕು, ಅವನ ಮರ್ಯಾದೆ. ನಿನಗೂ ನನಗೂ ಮಾವನೇ ತಂದಿದ್ದು. ಮೈಸೂರಿನ ಹಾಸ್ಟೆಲು, ಟ್ರೈನಿಂಗು ಎಂದು ತಿರುಗಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಊರೆಲ್ಲ ಕೂತಿದ್ದ ಸಭೆಯಲ್ಲಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಿದ್ದೆ.

ಮಾರನೆಯ ದಿನ ಹೆಡ್ಮಾಸ್ಟರನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಜ್ಜಿ ಬಾಗಿಲಲ್ಲೇ ಕೂತಿದ್ದರು.

“ಬನ್ನಿ ಟೀಚರಮ್ಮ, ಕುಂತ್ಕಳಿ. ನಮ್ಮನೆ ಒಸಗೆನ ನೀವೇ ಮಾಡ್ಬುಟ್ರಲ್ಲ, ಇನ್ನೇನ್ ಉಳ್ಸಿದ್ದೀರಿ?”

“ಅಮ್ಮ, ಪರೀಕ್ಷೆಗೆ ಎಂಟೇ ವಾರ ಇದೆ” ಎಂದರು ಹೆಡ್ಮಾಸ್ಟರು. “ಇಂಥ ಹುಡುಗಿ ನಮ್ಮ ಸ್ಕೂಲಿಗೆ ಇನ್ನೊಬ್ಬಳು ಬರಲ್ಲ. ಎಂಟು ವಾರ ಮಾತ್ರ ಕಳಿಸಿಕೊಡಿ.”

“ನಾನ್ ಎತ್ತಿ ಆಡ್ಸಿದ್ ಮಗ ಕಣ ಸ್ವಾಮಿ ಅದು. ನನ್ ಕಿವೀಲಿ ಒಂದ್ ಮಾತು ಯೋಳಿದ್ರೆ ಪರೀಕ್ಸೆ ಆಗೋಗಂಟ ನಾನೇ ಸೆರುಗ್ನಲ್ಲಿ ಮುಚ್ಚಿಕತ್ತಿದ್ದೆ. ಊರ್ನೆಲ್ಲ ಕೂಡಾಕಿ ತೋರ್ಸ್ಬುಟ್ರಿ. ಈಗ ನಾನ್ ಏನ್ ಮುಚ್ಲಿ?”

ಇದು ನಿಜವೋ, ಸಿಟ್ಟಿಗೆ ಆಡಿದ ಮಾತೋ ನನಗೆ ತಿಳಿಯದು. ನಿಜವಾಗಿದ್ದರೆ ಎಂದು ಯೋಚಿಸಿದರೆ ಅನ್ನ ಸೇರುವುದಿಲ್ಲ. ಪುಟ್ಟಬಸಪ್ಪನವರು ನೆಲ ನೋಡುತ್ತಿದ್ದರು. ಚಿಕ್ಕಮಲ್ಲಪ್ಪ ಕೆಟ್ಟವನಲ್ಲ, ಅಕ್ಕ. ಕೈಕಟ್ಟಿ ನಿಂತುಕೊಂಡೇ ಹೇಳಿದ: “ಟೀಚರಮ್ಮ, ಪರೀಕ್ಸೆ ಬ್ಯಾಡ ಅಂತ ನಾನ್ ಯಾವತ್ತೂ ಅಂದೋನಲ್ಲ. ಆದ್ರೆ ಬೇಗೂರ್ ಬಸ್‌ಸ್ಟ್ಯಾಂಡಲ್ಲಿ ನನ್ನ ನೋಡಿ ನಗಾಡ್ತಾವ್ರೆ. ನಿನ್ ಅಕ್ಕನ್ ಮಗ್ಳಿಗೆ ಸೀರೆ ಉಡ್ಸಕ್ಕೆ ಸರ್ಕಾರದೋರು ಬರ್ಬೇಕಾಯ್ತೇನ್ಲಾ ಅಂತಾರೆ. ಯಾವ್ ಮಕ ಒತ್ಕಂಡ್ ಅಂಗ್ಡೀಲಿ ಕುಂತ್ಕಳ್ಳಿ?” ಆ ನಗು ನಿಲ್ಲಬೇಕಾದರೆ ಮದುವೆ ಆಗಲೇಬೇಕಂತೆ. ಶಿವರಾತ್ರಿ ಕಳೆದ ಮೇಲೆ ದಿನ ನೋಡಿದ್ದಾರೆ.

ಹುಡುಗಿಯನ್ನು ನನಗೆ ತೋರಿಸಲಿಲ್ಲ. ಹೊರಡುವಾಗ ಅಜ್ಜಿ ನನ್ನ ಹಸಿರು ಸೀರೆಯನ್ನು ಒಗೆದು ಮಡಿಸಿ ತಂದು ಕೈಗಿಟ್ಟರು.

ಅವಳ ಪರೀಕ್ಷೆಯ ಫೀಜು ಕಟ್ಟಿಯಾಗಿದೆ. ಹಾಲ್ ಟಿಕೆಟ್ಟು ಬರುತ್ತದೆ. ಮದುವೆಯಾದರೇನು, ಪರೀಕ್ಷೆ ಬರೆಯಬಹುದಲ್ಲ ಎಂದು ಇನ್ನೂ ಆಸೆ ಇಟ್ಟುಕೊಂಡಿದ್ದೇನೆ. ನಿನ್ನ ಕೈಲಾದರೆ ಎರಡು ಸಾಲು ಬರಿ.

ಶಾಂತ


ಗುಂಡ್ಲುಪೇಟೆ
೧೪-೪-೧೯೫೭

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಈ ಸಲ ನೆವ ಹೇಳುವುದಿಲ್ಲ. ಉತ್ತರ ಬರೆದು ಬರೆದು ಹರಿದು ಹಾಕಿದೆ. “ತಪ್ಪು ನಿನ್ನದಲ್ಲ. ನನ್ನನ್ನೂ ಪರೀಕ್ಷೆ ಹತ್ತಿರವಿದ್ದಾಗಲೇ ಬಿಡಿಸಲಿಲ್ಲವೇ? ಹದಿಮೂರಕ್ಕೆ ಹಸೆಗೆ ಕೂತ ನಾನು ಬದುಕಲಿಲ್ಲವೇ? ಅವಳೂ ಬದುಕುತ್ತಾಳೆ” ಎಂದು ಬರೆದಿದ್ದೀಯ. ನನ್ನನ್ನು ಸಮಾಧಾನ ಮಾಡಲು ಬರೆದ ಮಾತು. ಅದನ್ನು ಓದಿದ ದಿನ ನಾನು ಸ್ಕೂಲಿಗೆ ರಜೆ ಹಾಕಿದೆ.

ಮದುವೆಗೆ ನನ್ನನ್ನು ಕರೆಯಲಿಲ್ಲ. ಕರೆಯದಿದ್ದುದೇ ಒಳ್ಳೆಯದಾಯಿತು. ಹಾಲ್ ಟಿಕೆಟ್ಟು ಬಂದ ಮೇಲೆ ಹೆಡ್ಮಾಸ್ಟರಿಗೆ ಹೇಳಿ, ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಬೇಗೂರಿಗೆ ಹೋದೆ. ಚಿಕ್ಕಮಲ್ಲಪ್ಪನ ಮನೆ ಅಂಗಡಿಯ ಹಿಂದೆಯೇ. ಅವನು ಎದ್ದು ನಿಂತು ಚಾಪೆ ಹಾಸಿದ. ಹಾಲ್ ಟಿಕೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. “ಕಳುಸ್ತೀನಿ ಕಣಿ ಟೀಚರಮ್ಮ. ನಾನೇ ಕರ್ಕಂಡ್ ಬತ್ತೀನಿ. ಆಗಿದ್ದು ಆಗೋಯ್ತು ಬುಡಿ” ಎಂದ. ಆಮೇಲೆ ಗಿರಾಕಿ ಬಂದರೆಂದು ಅಂಗಡಿಗೆ ಹೋದ.

ಗಂಗಾಂಬಿಕೆ ಮಜ್ಜಿಗೆ ತಂದುಕೊಟ್ಟು ತಲೆಯ ಮೇಲೆ ಸೆರಗು ಹೊದ್ದು ಎದುರಿಗೆ ಕೂತಳು. ಸೊರಗಿರಲಿಲ್ಲ, ಅತ್ತಂತೆಯೂ ಇರಲಿಲ್ಲ. ಆದರೆ ಕವಾಯತು ನಡೆಸಿದ ಗಂಟಲಲ್ಲಿ ಈಗ ಪಿಸುಮಾತು. ನಾನು ಏನೇನೋ ಕೇಳಿದೆ, ಚೆನ್ನಾಗಿದ್ದೀಯೇನೇ, ಪುಸ್ತಕ ತಂದುಕೊಂಡಿದ್ದೀಯೇನೇ ಎಂದು. ಕೊನೆಗೆ ಅವಳ ಕೈ ಹಿಡಿದುಕೊಂಡು, “ನನ್ನಿಂದ ಹೀಗಾಯ್ತು ಕಣೇ, ಮನಸ್ಸಿನಲ್ಲಿ ಇಟ್ಟುಕೋಬೇಡ” ಎಂದೆ.

“ಸೀರೆ ಉಡುಸ್ವಾಗ್ಲೇ ನಂಗ್ ಗೊತ್ತಿತ್ತು ಟೀಚರ್. ಇದ್ ಉಟ್ಕಂಡ್ ಓದ್ರೆ ಏನಾಯ್ತದೆ ಅಂತ.”

“ಮತ್ತೆ ಬೇಡ ಅನ್ನಬಾರದಿತ್ತೇನೇ?”

“ನೀವು ಬೋ ಕುಸಿಯಾಗಿದ್ರಿ” ಎಂದಳು. “ಎಂಗ್ ಯೋಳ್ಲಿ?”

ನಾನು ಮಜ್ಜಿಗೆ ಕುಡಿಯಲಾರದೆ ಕೆಳಗಿಟ್ಟೆ. ಹದಿನೈದು ವರ್ಷದ ಹುಡುಗಿ ತನ್ನ ಓದನ್ನು ನನ್ನ ಸಂತೋಷಕ್ಕೆ ಕೊಟ್ಟುಬಿಟ್ಟಿದ್ದಳು, ಕೇಳದೆಯೇ ತೆಗೆದುಕೊಂಡವಳು ನಾನು.

ಪರೀಕ್ಷೆಯ ಸೆಂಟರು ಚಾಮರಾಜನಗರ. ನಮ್ಮ ಸ್ಕೂಲಿನ ಹುಡುಗರನ್ನು ಕರೆದುಕೊಂಡು ನಾನೂ ಗಣಿತದ ಮೇಷ್ಟರೂ ಹೋಗಿದ್ದೆವು. ಮೊದಲ ದಿನ ಗೇಟಿನಲ್ಲಿ ನಿಂತಿದ್ದೆ. ಗುಂಡ್ಲುಪೇಟೆಯ ಬಸ್ಸು ಬಂತು, ಇನ್ನೊಂದು ಬಂತು. ಗಂಟೆ ಹೊಡೆದರು. ಕಿಟಕಿಯಿಂದ ನೋಡಿದೆ. ಅವಳ ನಂಬರನ್ನು ಸೀಮೆಸುಣ್ಣದಲ್ಲಿ ಬರೆದಿದ್ದ ಬೆಂಚಿನ ಮೇಲೆ ಬಿಳಿ ಕಾಗದ ಇಟ್ಟಿದ್ದರು. ಅರ್ಧ ಗಂಟೆಯಾದ ಮೇಲೆ ಮೇಲ್ವಿಚಾರಕರು ಬಂದು ಅದನ್ನು ಎತ್ತಿಕೊಂಡು ಹೋದರು. ಎರಡನೆಯ ದಿನವೂ ನಿಂತೆ. ಮೂರನೆಯ ದಿನ ಗಣಿತದ ಮೇಷ್ಟರು, “ಒಂದು ಪತ್ರಿಕೆ ತಪ್ಪಿದ ಮೇಲೆ ಇನ್ನು ಬಂದರೂ ಪ್ರಯೋಜನವಿಲ್ಲ, ಬನ್ನಿ ನೆರಳಿಗೆ” ಎಂದರು. ಆದರೂ ಮುಗಿಯುವವರೆಗೆ ದಿನವೂ ನಿಂತಿದ್ದೆ.

ಆಮೇಲೆ ಚಿಕ್ಕಮಲ್ಲಪ್ಪನಿಂದ ಒಂದು ಕಾರ್ಡು ಬಂತು. ಅವನ ತಾಯಿ, ಅದೇ ಅಜ್ಜಿ, ಈಗ ಮಗನ ಮನೆಯಲ್ಲಿದ್ದಾರೆ, ಮದುವೆಯಾದ ಹೊಸತರಲ್ಲೇ ಸೊಸೆ ಊರೂರು ತಿರುಗಬಾರದೆಂದು ಪರೀಕ್ಷೆಯ ಹಿಂದಿನ ದಿನದಿಂದ ಊಟ ಬಿಟ್ಟು ಮಲಗಿದ್ದರಂತೆ. ಆದರೂ ಇಬ್ಬರೂ ಬಸ್ಸಿನವರೆಗೆ ಬಂದಿದ್ದರಂತೆ. ಗಂಗಾಂಬಿಕೆಯೇ, ಬೇಡ, ವಾಪಸು ಹೋಗೋಣ ಎಂದಳಂತೆ. ಇನ್ನೊಬ್ಬರ ಮನಸ್ಸು ನೋಯಬಾರದೆಂದು ಅವಳು ಬಿಟ್ಟುಕೊಟ್ಟದ್ದು ಇದು ಎರಡನೆಯ ಸಲ.

ಹೆಡ್ಮಾಸ್ಟರು ಬರುವ ವರ್ಷದ ಕಾರ್ಯಕ್ರಮಗಳ ಪಟ್ಟಿ ಮಾಡುತ್ತಿದ್ದಾರೆ. ಹುಡುಗಿಯರ ಕವಾಯತು ಎಂಬಲ್ಲಿಗೆ ಬಂದು ನನ್ನ ಮುಖ ನೋಡಿದರು. ನಾನೇ ನೋಡಿಕೊಳ್ಳುತ್ತೇನೆ ಎಂದೆ. ಈ ಸಲ ಐದನೇ ಫಾರಂನಲ್ಲಿ ನಾಲ್ಕು ಹುಡುಗಿಯರಿದ್ದಾರೆ. ಲಂಗಕ್ಕೆ ಬಿಳಿ ಬಟ್ಟೆ ಬೇಡ, ಕಡುನೀಲಿ ತರಿಸಿ ಎಂದಷ್ಟೇ ಹೇಳಿದೆ.

ರಜೆಗೆ ಬರುತ್ತೇನೆ ಎಂದಿದ್ದೆ. ಬರಲೋ ಬೇಡವೋ ನೀನು ಈ ಕಾಗದ ಪೂರ್ತಿ ಓದಿದ ಮೇಲೆ ಬರಿ. ಮಕ್ಕಳು ಓದಲಿ, ಬಾಳಲಿ, ನಿನ್ನ ಮನೆ ತಣ್ಣಗಿರಲಿ. ಭಾವನಿಗೆ ಶರಣು.

ನಿನ್ನ ತಂಗಿ
ಶಾಂತ

ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಕಾಗದದ ಕೊನೆಯಲ್ಲಿ, “ನೀನು ಪ್ರೀತಿಯಿಂದ ಮಾಡಿ ಕೆಡಿಸಿದೆ. ನನ್ನ ಬಾಳು ಕೆಡಿಸಿದವಳು ಆ ಅಗಸಗಿತ್ತಿ ಚಿಕ್ಕನಿಂಗಮ್ಮ. ಹೊಟ್ಟೆಕಿಚ್ಚಿಗೆ ನಮ್ಮ ಅಜ್ಜಿಯ ಕಿವಿ ಕಚ್ಚಿದಳು. ಒಂದೇ ಊರಲ್ಲಿದ್ದರೂ ಇವತ್ತಿಗೂ ಅವಳನ್ನು ನನ್ನ ಅಂಗಳ ಮೆಟ್ಟಿಸಿಲ್ಲ” ಎಂದು ಬರೆದಿದ್ದೀಯ. ಅಕ್ಕ, ನೀನು ದೊಡ್ಡವಳಾಗಿ ಎರಡು ತಿಂಗಳು ಮುಚ್ಚಿಟ್ಟಿದ್ದನ್ನು ಅಜ್ಜಿಗೆ ಹೇಳಿದ್ದು ಚಿಕ್ಕನಿಂಗಮ್ಮ ಅಲ್ಲ, ನಾನು. ಆಗ ನನಗೆ ಆರು ವರ್ಷ. ಅಜ್ಜಿ ಕೊಬ್ಬರಿ ಹಂಚುತ್ತಿದ್ದರು. ಇನ್ನೊಂದು ಹೋಳು ಸಿಗುತ್ತದೆ ಎಂದು, ಅಕ್ಕನ ವಿಷಯ ಒಂದು ನನಗೆ ಗೊತ್ತು ಎಂದೆ. ನಿನ್ನನ್ನು ಹಸೆಗೆ ಕೂರಿಸಿದ ದಿನ ಎಳ್ಳು ಬೆಲ್ಲದ ಚಿಗಳಿ ಉಂಡೆ ತಿಂದು ತಿಂದು ನನಗೆ ಹೊಟ್ಟೆನೋವು ಬಂತು. ನೀನು ಯಾಕೆ ಅಷ್ಟು ಅತ್ತೆ ಎಂದು ತಿಳಿಯುವ ವಯಸ್ಸು ಬರುವಾಗ ನಾನು ನಿನ್ನ ಪುಸ್ತಕಗಳಲ್ಲೇ ಓದುತ್ತಿದ್ದೆ. ನಿನ್ನ ಅಳು ನೋಡಲಾರದೆ ಅಪ್ಪ ನನ್ನನ್ನು ಓದಿಸಿದರು. ಹೇಳಬೇಕೆಂದು ಎಷ್ಟೋ ಸಲ ಬಂದೆ, ಬಾಯಿ ಬರಲಿಲ್ಲ. ಗಂಗಾಂಬಿಕೆಯೊಬ್ಬಳನ್ನು ದಡ ಸೇರಿಸಿದರೆ ನಿನ್ನ ಮುಖ ನೋಡಿ ಹೇಳುವ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಚಿಕ್ಕನಿಂಗಮ್ಮನನ್ನು ಒಂದು ಸಲ ಒಳಗೆ ಕರೆ. ನಾನು ಅಜ್ಜಿಗೆ ಹೇಳಿದಾಗ ಚಿಕ್ಕನಿಂಗಮ್ಮ ಬಟ್ಟೆಯ ಗಂಟು ಹೊತ್ತು ಬಾಗಿಲಲ್ಲೇ ನಿಂತಿದ್ದಳು, ಎಲ್ಲಾ ಕೇಳಿಸಿಕೊಂಡಳು. ಅದಕ್ಕೆ ಮುಂಚೆ ಎರಡು ತಿಂಗಳೂ ನಿನ್ನ ಬಟ್ಟೆ ಒಗೆದು, ಗೊತ್ತಿದ್ದೂ ಸುಮ್ಮನಿದ್ದವಳು ಅವಳೇ. ನೀನು ಇಪ್ಪತ್ತಾರು ವರ್ಷ ಬೈದರೂ ಆ ಆರು ವರ್ಷದವಳ ಹೆಸರನ್ನು ಅವಳು ಹೇಳಲಿಲ್ಲ.